ಗುಡಿಸಿಟ್ಟ ಬಸ್‌ಸ್ಟಾಪು

"ಪಂಕ್ಚರ್ ಅಂಗಡಿ ಅಲ್ವೇನಯ್ಯಾ ನಿಂದು? ಮೊದಲು ನಿನ್ನ ಬಾಯಿಗೊಂದು ಪ್ಯಾಚ್ ಹಾಕ್ಕೋ. ಬರೀ ಗಾಳಿ ಬರ್ತಿದೆ."

ಸಾರಿಗೆ ಕಮಿಟಿಯ ಸಾಹೇಬರು ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಹಡಗಲಿಯ ಪ್ರವಾಸಿ ಮಂದಿರದ ಹಾಲ್ ತುಂಬ ನಗೆ ಎದ್ದಿತು. ಬಸ್ ಮಾಲೀಕರು ನಕ್ಕರು, ಅವರ ವಕೀಲರು ನಕ್ಕರು, ಬಾಗಿಲಲ್ಲಿ ನಿಂತಿದ್ದ ಜವಾನನೂ ಗೋಡೆಗೆ ಮುಖ ತಿರುಗಿಸಿ ನಕ್ಕ. ಶೇಖಾವಲಿ ಮಾತ್ರ ನಿಂತ ಕಡೆಯೇ ನಿಂತಿದ್ದ. ಬೆಳಿಗ್ಗೆಯಿಂದ ಕಾದು ಕಾದು ಕಾಲು ಸೋತಿದ್ದವು. ಉಗುರಿನ ಸಂದಿಯ ಗ್ರೀಸನ್ನು ನಿನ್ನೆ ಸೀಮೆಎಣ್ಣೆ ಹಾಕಿ ಉಜ್ಜಿದ್ದ, ಅದು ಹೋಗಿರಲಿಲ್ಲ.

ಹರಪನಹಳ್ಳಿಯಿಂದ ಹಡಗಲಿಗೆ ಬರುವ ಬಸ್ಸು ಇಷ್ಟು ವರ್ಷ ಡಾಂಬರು ರಸ್ತೆ ಬಿಟ್ಟು ಸೀಗಿಹಾಳದೊಳಗೆ ಒಂದು ಸುತ್ತು ಹಾಕಿ ಬರುತ್ತಿತ್ತು. ಸರ್ಕಾರದ ಹೊಸ ಯೋಜನೆಯಲ್ಲಿ ಆ ಸುತ್ತು ಇರಲಿಲ್ಲ. ಗೋಡೆಗೆ ಅಂಟಿಸಿದ್ದ ನಕಾಶೆಯಲ್ಲಿ ಕೆಂಪು ಗೆರೆ ಸೀದಾ ಹೋಗಿತ್ತು. ಸೀಗಿಹಾಳ ಅದರ ಪಕ್ಕ ನೊಣ ಕೂತಂತೆ ಒಂದು ಚುಕ್ಕೆ. ತಕರಾರು ಇದ್ದವರು ಬಂದು ಹೇಳಲಿ ಎಂದು ಡಂಗುರ ಹೊಡೆಸಿದ್ದರು. ಐದನೇ ಇಯತ್ತೆಗೆ ಶಾಲೆ ಬಿಟ್ಟ ಶೇಖಾವಲಿ, ಊರಲ್ಲಿ ಬೇರೆ ಯಾರೂ ಬಾಯಿ ತೆಗೆಯುವವರಿಲ್ಲವೆಂದು ತಾನೇ ಬಂದಿದ್ದ. ಜೊತೆಗೆ ಊರ ಹಿರಿಯರೆಂದು ಉಜ್ಜಿನಪ್ಪನನ್ನು ಕರೆತಂದಿದ್ದ.

"ಗಾಳಿ ಅಲ್ರಿ ಸರ್," ಅಂದ. "ದಿನಾ ಮುಂಜಾನಿ ಮಲ್ಲಿಗಿ ಬುಟ್ಟಿ ಇಟ್ಕೊಂಡು ಹೆಣ್ಮಕ್ಳು ಸಾಲಾಗಿ ನಿಂತಿರ್ತಾರ್ರಿ. ಬಸ್ ತಪ್ಪಿದ್ರ ಮೊಗ್ಗು ಬುಟ್ಯಾಗ ಅರಳ್ತಾವು. ಬಿಸಲೇರಿದ ಮ್ಯಾಲೆ ಹಡಗಲಿ ಮಾರ್ಕೆಟ್ನ್ಯಾಗ ಯಾರೂ ಮೂಸಿ ನೋಡಂಗಿಲ್ರಿ. ನಮ್ಮವ್ವಗ ಮಣಕಾಲು ಬ್ಯಾನಿ. ಡಾಂಬರ್ ರೋಡಿನ ತನಕ ತಲಿ ಮ್ಯಾಲೆ ಹೊತ್ಕೊಂಡು ಹೋಗಾಕ ಆಗಂಗಿಲ್ರಿ."

"ಹೆಣ್ಮಕ್ಳ ಸಾಲು!" ಸಾಹೇಬರು ಪಕ್ಕದವರ ಕಡೆ ತಿರುಗಿದರು. "ಹೋದ ಮಂಗಳವಾರ ನಾನೇ ಜೀಪಲ್ಲಿ ಹೋಗಿದ್ದೆ. ಬಸ್ಸಿನ ಟೈಮಿಗೇ ಹೋಗಿದ್ದೆ. ಬಸ್‌ಸ್ಟಾಪು ಗುಡಿಸಿ ನೀರು ಚಿಮುಕಿಸಿದ್ದರು. ಮಾವಿನ ತೋರಣ, ರಂಗೋಲಿ, ನನಗೊಂದು ಕುರ್ಚಿ, ಎಳನೀರು. ಇಬ್ಬರು ಮುದುಕರು ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ನನ್ನ ಕಣ್ಣೆದುರಿಗೇ ಬಸ್ಸು ಬಂತು, ನಿಂತಿತು, ಹೋಯ್ತು. ಒಬ್ಬರೂ ಹತ್ತಲಿಲ್ಲ."

ಶೇಖಾವಲಿಗೆ ತಲೆಬುಡ ಅರ್ಥವಾಗಲಿಲ್ಲ. ಮಂಗಳವಾರ ಅವನು ಟ್ಯೂಬು ತರಲು ಕೊಟ್ಟೂರಿಗೆ ಹೋಗಿದ್ದ. ಮರಳಿ ಬಂದಾಗ ಅವ್ವ ಶರೀಫಾ ಬೀ ಅರಳಿದ ಹೂವನ್ನೆಲ್ಲ ಅಂಗಳದ ಮೂಲೆಗೆ ಸುರಿದಿದ್ದಳು. ಕೋಳಿಗಳು ಅದನ್ನು ಕೆದರುತ್ತಿದ್ದವು. ಕೇಳಿದ್ದಕ್ಕೆ "ಬಸ್ ಸಿಗಲಿಲ್ಲಪ್ಪ" ಅಂದಿದ್ದಳು, ಅಷ್ಟೇ. ಮೊಣಕಾಲಿನ ಕಾಟಕ್ಕೆ ತಡವಾಗಿರಬೇಕು ಅಂದುಕೊಂಡು ಅವನು ಎಣ್ಣೆ ಕಾಯಿಸಿ ಕೊಟ್ಟಿದ್ದ.

ಪಕ್ಕದ ಬೆಂಚಿನಲ್ಲಿ ಉಜ್ಜಿನಪ್ಪ ಸೆಟೆದು ಕೂತಿದ್ದ. ರಂಗೋಲಿ, ಕುರ್ಚಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತ್ತು.

"ಸಾಹೇಬ್ರು ಮರ್ತಿಲ್ಲ ನೋಡಲೇ," ಎಂದು ಮೆಲ್ಲಗೆ ಉಸುರಿದ.

"ಮಂದಿ ಎಲ್ಲಿ ಹೋಗಿದ್ರು?" ಶೇಖಾವಲಿ ಬಗ್ಗಿ ಕೇಳಿದ.

"ಎಲ್ಲಿ ಹೋಗ್ತಾರ? ಹಾಲೇಶಪ್ಪನ ದನದ ಕೊಟಗಿ ಹಿಂದ ಕುಂದ್ರಿಸಿದ್ದೆ. ಅಷ್ಟು ದೊಡ್ಡ ಆಫೀಸರ್ ಬರೋ ಹೊತ್ನ್ಯಾಗ ಬುಟ್ಟಿ, ಕೂಸು, ಕೋಳಿ, ಅಡಕಿ ಉಗುಳು... ಚಂದ ಇರ್ತತೇನು?"

"ಬಸ್ ಬಂದಾಗ?"

"ಮಿಸುಕಬ್ಯಾಡ್ರಿ ಅಂದಿದ್ದೆ. ಒಬ್ಬಾಕಿ ಮಿಸುಕಿದ್ರ ಕೇಳು. ನಿಮ್ಮವ್ವ ಕೆಮ್ಮು ಬಂದ್ರೂ ಸೆರಗು ಬಾಯಾಗ ಇಟ್ಕೊಂಡು ಕುಂತಿದ್ಲು, ಪಾಪ. ನಮ್ಮ ಸೊಸಿ ನಾಗಲಿಂಗಮ್ಮನ್ನ ಎಲ್ಲಾರಿಗಿಂತ ಮೊದಲ ಕಳಿಸ್ದೆ. ನಮ್ಮನಿಯವ್ರೇ ಮೊದಲು ಎದ್ರ ಉಳಿದವ್ರು ಮಾತು ಕೇಳ್ತಾರ."

ಶೇಖಾವಲಿ ನೆಟ್ಟಗಾದ. ಉಜ್ಜಿನಪ್ಪನ ರಟ್ಟೆ ಹಿಡಿದು ಎಬ್ಬಿಸಿದ. "ಸರ್, ಈ ಯಜಮಾನ್ರನ್ನ ಕೇಳ್ರಿ. ಅವತ್ತು ಮಂದಿ ಇದ್ರೋ ಇಲ್ಲೋ ಇವ್ರೇ ಹೇಳ್ತಾರ."

ಸಾಹೇಬರು ಉಜ್ಜಿನಪ್ಪನನ್ನು ಗುರುತು ಹಿಡಿದರು. ಅವರ ದನಿ ಸ್ವಲ್ಪ ಮೆತ್ತಗಾಯಿತು. "ಏನು ಯಜಮಾನ್ರೇ, ಅಲ್ಲಿ ಜನ ಬಂದು ಗುಂಪು ಸೇರ್ತಾರಂತೆ. ಹೌದೇ?"

ಉಜ್ಜಿನಪ್ಪ ರುಮಾಲು ಸರಿಮಾಡಿಕೊಂಡು ಕೈ ಮುಗಿದ. ಗುಂಪು ಎಂಬುದು ಅವನಿಗೆ ಊರಿನ ಮೇಲೆ ಬಂದ ದೂರಿನಂತೆ ಕೇಳಿಸಿರಬೇಕು. "ಛೇ ಛೇ, ಇಲ್ರಿ ಸಾಹೇಬ್ರ. ನಮ್ಮೂರಾಗ ಅಂಥಾದ್ದೇನಿಲ್ರಿ. ತಾವೇ ನೋಡಿದ್ರಲ್ರಿ, ಕನ್ನಡಿ ಇದ್ದಂಗಿತ್ತು."

"ಕೊಟಗಿ ಹಿಂದ ಇವ್ರೇ ಬಚ್ಚಿಟ್ಟಿದ್ರು ಸರ್!" ಶೇಖಾವಲಿ ಕೂಗಿದ. "ನಿಮಗ ಮರ್ಯಾದಿ ಮಾಡಾಕ ಹೋಗಿ ಮಂದೀನ ಬಚ್ಚಿಟ್ಟಿದ್ರು!"

ಈ ಸಲ ನಗೆ ಜೋರಾಗಿಯೇ ಬಂತು. ಹಿಂದಿನಿಂದ ಯಾರೋ "ಹಳೇ ಟ್ಯೂಬಿನ್ಯಾಗ ಇಟ್ಟಿದ್ದೇನೋ ಸಾಬಿ?" ಅಂದರು. ಸಾಹೇಬರು ನಗಲಿಲ್ಲ. ಅವರಿಗೂ ಸಾಕಾಗಿತ್ತು, ತಲೆ ಮೇಲಿನ ಫ್ಯಾನು ತಿರುಗದೆ ಅಂಗಿ ಬೆನ್ನಿಗೆ ಅಂಟಿತ್ತು. ಇನ್ನೂ ಎಷ್ಟೋ ಊರಿನವರು ಹೊರಗೆ ಕೂತಿದ್ದರು. "ಯಜಮಾನರು ಹೇಳಿದ ಮೇಲೆ ಮುಗಿಯಿತು. ಯೋಜನೆಯಲ್ಲಿ ಇದ್ದ ಹಾಗೇ ಇರಲಿ. ಮುಂದಿನವರನ್ನ ಕರೀರಿ." ಜವಾನ ಇನ್ನೊಂದು ಊರಿನ ಹೆಸರು ಕೂಗಿದ. ಯಾರದೋ ಮೊಣಕೈ ಶೇಖಾವಲಿಯನ್ನು ಪಕ್ಕಕ್ಕೆ ತಳ್ಳಿತು.

ಬಸ್‌ಸ್ಟ್ಯಾಂಡಿನವರೆಗೂ ಶೇಖಾವಲಿ ಬಿರಬಿರನೆ ನಡೆದ. ಉಜ್ಜಿನಪ್ಪ ಹಿಂದೆ ಹಿಂದೆ ಬರುತ್ತ, ಹಾಲ್ ಎಷ್ಟು ದೊಡ್ಡದಿತ್ತು, ಸಾಹೇಬರು ತನ್ನನ್ನು ಯಜಮಾನ್ರೇ ಅಂದದ್ದು, ಎಲ್ಲ ಹೇಳುತ್ತಿದ್ದ. ತಕರಾರು ಗೆದ್ದಿತೋ ಸೋತಿತೋ ಅವನಿಗೆ ತಿಳಿದಿರಲಿಲ್ಲ. ಕೇಳುವುದಕ್ಕೆ ಅಳುಕುತ್ತಿದ್ದನೋ ಏನೋ, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಡುತ್ತಿದ್ದ.

ಊರಿನ ಬಸ್ಸು ಹೊರಡುವುದರಲ್ಲಿತ್ತು. ಆದೇಶ ಬರುವ ತನಕ ಅದು ಸೀಗಿಹಾಳಕ್ಕೆ ಹೋಗುತ್ತದೆ. ಇನ್ನೆಷ್ಟು ದಿನವೋ. ಉಜ್ಜಿನಪ್ಪ ವಯಸ್ಸಿಗೆ ಮೀರಿದ ಚುರುಕಿನಿಂದ ಹತ್ತಿ, ಕಿಟಕಿ ಪಕ್ಕ ಕೂತು, ಬಗಲಿನ ಸೀಟಿಗೆ ತನ್ನ ಟವೆಲ್ ಹಾಸಿದ. ನಿಂತ ಮಂದಿಗೆ "ಮಂದಿ ಐತ್ರಿ, ಮಂದಿ ಐತಿ" ಎನ್ನುತ್ತ ಕೈ ಅಡ್ಡ ಹಿಡಿದ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಬಾರಲೇ ಶೇಖಾ, ಟವೆಲ್ ಹಾಕೀನಿ. ಯಾಕ ಅಲ್ಲೇ ನಿಂತಿ?"

ಶೇಖಾವಲಿ ಬಸ್ಸಿನ ಗಾಲಿಯನ್ನು ನೋಡುತ್ತಿದ್ದ.

"ಸಿಟ್ಟು ಬಂದೈತೇನು? ನೋಡು, ನಾನೂ ಆವಾಗಿಂದ ವಿಚಾರ ಮಾಡ್ಲಿಕ್ಕತ್ತೀನಿ." ಉಜ್ಜಿನಪ್ಪನ ದನಿ ಇಳಿಯಿತು. "ಹೊಳಲಿನಿಂದ ತರಿಸಿದ್ದು ಆ ಎಳನೀರು. ಸಾಹೇಬ್ರು ಅರ್ಧಕ್ಕ ಬಿಟ್ರು. ಸಪ್ಪಗಿತ್ತೋ ಏನೋ. ಅದಕ್ಕ ಹಿಂಗಾತೇನಲೇ?"

ಮುದುಕನ ಕಣ್ಣಲ್ಲಿ ನಿಜವಾದ ದಿಗಿಲಿತ್ತು. ಶೇಖಾವಲಿಯ ಬಾಯಲ್ಲಿ ಬೈಗುಳ ತುಂಬಿ ಬಂದಿತ್ತು. ಅದನ್ನು ನುಂಗಿ, ಹೆಗಲ ಚೀಲ ಸರಿಸಿಕೊಂಡು, ಬಸ್ಸಿನ ಮುಂದಿನಿಂದ ದಾಟಿ ರಸ್ತೆಗಿಳಿದು ಊರ ಕಡೆ ನಡೆಯತೊಡಗಿದ.

ಹಡಗಲಿ ಹೊರಗಿನ ಮೈಲಿಗಲ್ಲಿನ ಹತ್ತಿರ ಬಸ್ಸು ಅವನನ್ನು ಹಿಂದೆ ಹಾಕಿತು. ಒಳಗೆ ಮಂದಿ ಕಿಕ್ಕಿರಿದು ನಿಂತಿದ್ದರು. ಉಜ್ಜಿನಪ್ಪ ಬಗಲಿನ ಖಾಲಿ ಸೀಟಿನ ಟವೆಲ್ ಮೇಲೆ ಅಂಗೈ ಊರಿಕೊಂಡು ಹಿಂತಿರುಗಿ ನೋಡುತ್ತಿದ್ದ.