ಒಬ್ಬರಿಗೊಂದು ಕೋಣೆ

ಮಗಳ ಓದು ಫೋನಿಗೆ ಬಂದ ಮೇಲೆ ಆ ಮನೆ ತೆರಬೇಕಾದದ್ದು ಇಷ್ಟು: ಫೋನಿಗೆ ತಾಯಿಯ ಕಿವಿಯೋಲೆ, ನೆಟ್ಟಿಗೆ ಬೆಳಗಿನ ಹಾಲು, ಪರೀಕ್ಷೆಗೆ ಮುದುಕಿಯ ಕೆಮ್ಮು. ಓಲೆ ಹೋಯಿತು, ಹಾಲು ನಿಂತಿತು. ಕೆಮ್ಮು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಪರೀಕ್ಷೆ ಬರೆಯುವವರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಕೂರಬೇಕು. ಫೋನಿಗೆ ಇನ್ನೊಂದು ಮುಖ ಕಂಡರೆ, ಇನ್ನೊಂದು ದನಿ ಕೇಳಿದರೆ ಅದು ನಕಲು ಎಂಬುದು ಸ್ಕೂಲಿನ ಕಾನೂನು. ಇವರ ಮನೆಯೇ ಒಂದು ಕೋಣೆ. ತಾಯಿ ಒಲೆ ಆರಿಸಿ ಬೀದಿಗೆ ಹೊರಟಳು. ಹಾಸಿಗೆ ಹಿಡಿದ ಅತ್ತೆಯನ್ನು ಎಲ್ಲಿಗೆ ಸಾಗಿಸುವುದು? ಗೋಡೆಗೆ ಮುಖ ಮಾಡಿಸಿ, ತಲೆ ತುಂಬ ಸೀರೆ ಹೊದಿಸಿದಳು.

"ಉಸಿರು ಬಿಡಬೇಡಿ ಅತ್ತೆ."

"ಇನ್ನು ಸ್ವಲ್ಪ ದಿನಕ್ಕೆ ಅದನ್ನೂ ಕಲ್ತ್ಕೋತೀನಿ ಬಿಡೇ. ಇವತ್ತೇ ಅಂದ್ರೆ ಹೆಂಗೆ?"

ಮೂರನೆಯ ಪ್ರಶ್ನೆಗೆ ಸೀರೆಯ ಗುಡ್ಡೆ ಕುಲುಕಾಡಿ ಕೆಮ್ಮಿತು. ಫೋನು ಕೆಂಪಗಾಗಿ ಪರೀಕ್ಷೆ ಮುಚ್ಚಿಕೊಂಡಿತು.

ತಾಯಿ ಆ ಸ್ಕೂಲಿನ ಕಸ ಗುಡಿಸುವವಳೇ. ಮಕ್ಕಳೆಲ್ಲ ಫೋನಿನೊಳಗೆ ಹೋದ ಮೇಲೂ, ಯಾರೂ ಕೂರದ ಬೆಂಚುಗಳನ್ನು ದಿನಾ ಒರೆಸಿ ಬೀಗ ಹಾಕುತ್ತಿದ್ದಳು. ಮರುದಿನ ಹೆಡ್‌ಮಾಸ್ತರರ ಬಾಗಿಲಲ್ಲಿ ನಿಂತಳು. ಅವರು ಕ್ಯಾಮೆರಾಕ್ಕೆ "ಮುದ್ದು ಮಕ್ಕಳೇ" ಎಂದು ಬೆಣ್ಣೆಯಂತೆ ಕರಗುತ್ತಿದ್ದವರು, ಇವಳನ್ನು ಕಂಡು ಮೈಕು ಮುಚ್ಚಿದರು.

"ಏನೇ, ನಿನ್ನ ಮಗಳ ಹಿಂದೆ ಬಟ್ಟೆ ಗಂಟು ಕೆಮ್ತಂತೆ?"

"ನಮ್ಮತ್ತೆ ಸಾರ್. ಎದ್ದು ಓಡಾಡಕ್ಕಾಗಲ್ಲ."

"ಮಿಶಿನ್ನಿಗೆ ನಿಮ್ಮತ್ತೆ ಯಾರು, ನಮ್ಮತ್ತೆ ಯಾರು? ಹಂದಿಗಳ ಹಂಗೆ ಒಂದೇ ಗೂಡಲ್ಲಿ ಬಿದ್ಕೊಂಡಿರ್ತೀರ, ಬಡ್ಡಿಮಕ್ಕಳು. ಒಂದು ಕೋಣೆಗೆ ಗತಿಯಿಲ್ಲ, ಪುಕ್ಕಟೆ ಸೀಟು ಬೇರೆ ಕೇಡು! ಸೋಮವಾರ ಇನ್ನೊಂದು ಸಲ ಬರೀಲಿ. ಒಬ್ಬರಿಗೊಂದು ಕೋಣೆ, ಮುಚ್ಚಿದ ಬಾಗಿಲು. ತಪ್ಪಿದ್ರೆ ಸೀಟಿಲ್ಲ. ನಿಮ್ಮ ಬೀದಿಯವರಿಗೆಲ್ಲ ಹೇಳು, ಹೋಗು."

"ಹೇಳ್ತೀನಿ ಸಾರ್."

ಹೇಳಿದಳು. ಪರೀಕ್ಷೆ ಕೆಟ್ಟವರು ಬೀದಿಯಲ್ಲಿ ಇನ್ನೂ ಇದ್ದರು. ಒಬ್ಬನದು ಪಕ್ಕದ ಮನೆಯ ಗಂಡ ಹೆಂಡಿರ ಜಗಳ ಕೇಳಿಸಿ ಕೆಟ್ಟಿತ್ತು. ಇನ್ನೊಬ್ಬಳದು ತೊಟ್ಟಿಲ ಕೂಸಿನ ಮುಖ ಕಂಡು. ಹಲ್ಲು ಹುಟ್ಟದ ಕೂಸು ಗಣಿತ ಹೇಳಿಕೊಟ್ಟಿತು ಅಂತ ಲೆಕ್ಕ.

ಸೋಮವಾರ ಹೆಡ್‌ಮಾಸ್ತರರು ಸ್ಕೂಲಿನ ತಮ್ಮ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ತನ್ನ ಮನೆಯಿಂದಲೇ ಪರೀಕ್ಷೆ ನೋಡುತ್ತಿದ್ದ ಸ್ಕೂಲಿನ ಧಣಿಗೆ ವರದಿ ಒಪ್ಪಿಸುತ್ತಿದ್ದರು.

"ನೋಡಿ ಧಣಿ, ಮನಸ್ಸಿದ್ರೆ ಮಾರ್ಗ! ಬಿಗಿ ಮಾಡಿದ ಕೂಡ್ಲೇ ಎಲ್ಲರೂ ಮನೇಲಿ ಕೋಣೆ ಮಾಡ್ಕೊಂಡಿದ್ದಾರೆ. ಎಂಥ ಬೆಳಕು, ಎಂಥ ಗಾಳಿ!"

ಹಾಗೆನ್ನುತ್ತಲೇ ಪರದೆಗೆ ಬಗ್ಗಿದರು. ಒಬ್ಬ ಹುಡುಗನ ತಲೆಯ ಮೇಲೆ, ಗೋಡೆಯಲ್ಲಿ, ಅವರದೇ ಫೋಟೋ ನಗುತ್ತಿತ್ತು. ಇಂಗು ತಿಂದ ಮಂಗನಂತಾಗಿ ಅವರು ಹೊರಗೋಡಿದರು. ಉದ್ದಕ್ಕೂ ತರಗತಿಗಳ ಬಾಗಿಲು ಮುಚ್ಚಿದ್ದವು. ಒಂದೊಂದರೊಳಗೂ ಆ ಬೀದಿಯ ಒಂದೊಂದು ಮಗು. ಕಸ ಗುಡಿಸುವವಳು ನಡುದಾರಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ಯಾರಪ್ಪನ ಮನೆ ಅಂತ ಬೀಗ ತೆಗೆದೆಯೇ, ಲೌಡಿ..."

"ಜೋರಾಗಿ ಬೈರಿ ಸಾರ್," ಅಂದಳು ಅವಳು, ಏಳದೆ, ದನಿ ಏರಿಸದೆ. "ಎಲ್ಲಾ ಫೋನೂ ಕೇಳಿಸ್ಕೊಳ್ಳಲಿ. ಧಣಿನೂ ಕೇಳಿಸ್ಕೊಳ್ಳಲಿ. ಈಗಷ್ಟೇ ನಮ್ಮ ಮನೆ ಗಾಳಿ ಬೆಳಕು ಹೊಗಳಿದ್ರಲ್ಲ, ಅದು ಯಾರ ಮನೇದು ಅಂತ ಅವರಿಗೂ ತಿಳೀಲಿ."

ಹೆಡ್‌ಮಾಸ್ತರರು ಮುಚ್ಚಿದ ಬಾಗಿಲುಗಳ ಕಡೆ ನೋಡಿದರು. ಆಮೇಲೆ ಹತ್ತಿರ ಬಗ್ಗಿ, ಹಲ್ಲು ಕಚ್ಚಿ, ಅವಳ ತಾಯಿಯಿಂದ ಹಿಡಿದು ಮಗಳವರೆಗೆ ಇಡೀ ವಂಶವನ್ನು ಪಿಸುಮಾತಿನಲ್ಲಿ ಬೈದರು. ಇಷ್ಟು ಮೆಲ್ಲಗೆ ಅವಳನ್ನು ಯಾರೂ ಬೈದಿರಲಿಲ್ಲ.

"ಕೇಳಿಸ್ತಿಲ್ಲ ಸಾರ್," ಅಂದಳು.

ಮಕ್ಕಳು ಕೊನೆಯ ಪ್ರಶ್ನೆಯವರೆಗೂ ಬರೆದರು. ಅವರ ಸೀಟು ಉಳಿಯಿತು. ಅವಳ ಕೆಲಸ ಅದೇ ಸಂಜೆ ಹೋಯಿತು. ಕೋಣೆಗಳಿಗೆ ಹೊಸ ಬೀಗ ಬಿತ್ತು.