ಏಣಿಯ ಎಕ್ಕಡ

"ಏಣಿ ಕಾಲ್ನಿಂದ ಎಕ್ಕಡ ಬಿಚ್ಲಾ ಬೋಳಿಮಗ್ನೆ. ಮೊದ್ಲು ಬಿಚ್ಚು, ಆಮ್ಯಾಕೆ ಬಾಯಿ ಬುಡು."

ಹೊನ್ನಪ್ಪನ ಮಾತು ಮುಗಿಯುವ ಮುನ್ನವೇ ಅವನ ಮಗ ಕುಮಾರ್ ಏಣಿಯನ್ನು ಒದ್ದ. ಕೆಳಗಿನ ಮೆಟ್ಟಿಲುಗಳಲ್ಲೇ ಇದ್ದ ದಾಸಯ್ಯ ನೆಲಕ್ಕೆ ಹಾರಿಕೊಂಡ. ಕೈಯಲ್ಲಿದ್ದ ಡಬ್ಬಿ ಮಗುಚಿ ಕಾವಿ ಬಣ್ಣ ಅವನ ಎದೆಯ ಮೇಲೆಲ್ಲ ಹರಿಯಿತು. ಏಣಿಯ ಬುಡವನ್ನು ಅದುಮಿ ಹಿಡಿದಿದ್ದ ಅವನ ಹೆಂಡತಿ ಪುಟ್ಟತಾಯಮ್ಮ ಮಾತ್ರ ಹಿಡಿತ ಸಡಿಲಿಸಲಿಲ್ಲ. ಮೇಲೆ ಗಂಡ ಇಲ್ಲದಿದ್ದರೂ ಏಣಿ ಬಿಡಬಾರದೆಂಬುದು ಅವಳ ಕೈಗಳಿಗೆ ರೂಢಿಯಾಗಿಹೋಗಿತ್ತು.

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ, ನಾಲೆಯ ಏರಿಗೆ ಅಂಟಿಕೊಂಡ ಊರು ಅದು. ಗುಡಿ ಹೊನ್ನಪ್ಪನ ಮನೆತನದ್ದು. ಈ ವರ್ಷ ಅದಕ್ಕೆ ಹೊಸ ಗೋಪುರ ಎದ್ದಿತ್ತು. ಅಂಗಳಕ್ಕೆ ಮುಖ ಕಾಣುವಷ್ಟು ನಯಗೊಳಿಸಿದ ಕರಿಗಲ್ಲು ಹಾಸಿತ್ತು. ಬಣ್ಣಕ್ಕೆ ಕೇರಿಯ ದಾಸಯ್ಯನೇ ಬೇಕಾಗಿದ್ದ, ಆದರೆ ಕೇರಿಯವನು ದೇವರಿರುವ ಗುಡಿಯನ್ನು ಮುಟ್ಟುವಂತಿರಲಿಲ್ಲ. ಅದಕ್ಕೂ ಶಾಸ್ತ್ರದಲ್ಲಿ ದಾರಿ ಇತ್ತು. ಪೂಜಾರಿ ಮಂತ್ರ ಹೇಳಿ ದೇವರ ಕಳೆಯನ್ನು ತಾಮ್ರದ ಬಿಂದಿಗೆಯ ನೀರಿಗೆ ಇಳಿಸಿದ. ಬಿಂದಿಗೆ ಹೊನ್ನಪ್ಪನ ಮನೆಯ ದೇವರಕೋಣೆ ಸೇರಿತು. ಅದು ಮರಳಿ ಬರುವವರೆಗೆ ಗುಡಿ ಬರೀ ಕಲ್ಲುಗಾರೆ, ಯಾರು ಮುಟ್ಟಿದರೂ ದೋಷವಿಲ್ಲ.

ಏಣಿ ದಾಸಯ್ಯನದೇ. ಪಟ್ಟಣದ ಗುಜರಿಯಲ್ಲಿ ಕೊಂಡ ಅಲ್ಯೂಮಿನಿಯಂ ಏಣಿ. ಅದರ ಕಾಲಿನ ರಬ್ಬರು ಎಂದೋ ಸವೆದು ಉದುರಿತ್ತು. ಮಣ್ಣಿನ ಮೇಲೆ ಅದು ಕಚ್ಚಿ ನಿಲ್ಲುತ್ತಿತ್ತು, ಈ ಹೊಸ ಕಲ್ಲಿನ ಮೇಲೆ ನಿಲ್ಲಲಿಲ್ಲ. ದಾಸಯ್ಯ ತನ್ನ ಟೈರಿನ ಎಕ್ಕಡಗಳನ್ನೇ ಬಿಚ್ಚಿ, ಟೈರಿನ ಗೀರುಗಳು ನೆಲ ಕಚ್ಚುವಂತೆ ಏಣಿಯ ಎರಡು ಕಾಲಿಗೂ ತಂತಿಯಿಂದ ಬಿಗಿದ. ಏಣಿಗೆ ಮೆಟ್ಟಿಸಿ, ತಾನು ಬರಿಗಾಲಲ್ಲಿ ಹತ್ತಿದ.

"ಕಲ್ಲು ಜಾರ್ತದೆ ಗೌಡ್ರೆ," ಎಂದ ಅವನು, ಎದೆಯ ಬಣ್ಣ ಒರೆಸಿಕೊಳ್ಳುತ್ತ. "ದೇವ್ರು ನಿಮ್ಮನೆ ಬಿಂದ್ಗೇಲವ್ನೆ ಅಂತ ನೀವೇ ಅಂದ್ರಲ್ಲ. ಇಲ್ಲಿ ಬರೀ ಕಲ್ಲು ತಾನೆ?"

ಕುಮಾರ್ ಕೈ ಬೀಸಿ ಕೆನ್ನೆಗೆ ಹೊಡೆದ. ದಾಸಯ್ಯನ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು.

"ನಮ್ಗೇ ಶಾಸ್ತ್ರ ಏಳ್ಕೊಡ್ತೀಯೇನ್ಲಾ?" ಎಂದ ಕುಮಾರ್. "ನಿಮ್ಮಪ್ಪ ಈ ಬೀದೀಲಿ ಎಕ್ಕಡ ಕಂಕ್ಳಲ್ಲಿ ಮಡೀಕ್ಕೊಂಡು ಓಡಾಡ್ತಿದ್ದ. ನೀನು ಏಣಿಗೆ ಮೆಟ್ಸಿ ಗುಡಿ ಒಳೀಕೇ ನಡೆಸ್ಕೊಂಡ್ ಬಂದಿದ್ದೀಯ."

"ಏಣಿ ಇಡ್ಕಳಕ್ಕೆ ನಿನ್ ಎಂಡ್ರು ಇಲ್ವಾ?" ಎಂದು ಹೊನ್ನಪ್ಪ ಹಲ್ಲುಕಡ್ಡಿ ಉಗಿದ. "ತಿಂದು ತಿಂದು ಎಮ್ಮೆ ಆಗವ್ಳೆ. ಆ ಭಾರ ಏಣಿ ಮ್ಯಾಕೆ ಆಕು ಅನ್ನು."

ಅಂಗಳದ ಆಳುಗಳು ನಕ್ಕರು.

"ಅಂಗಾರೆ ನಾವು ಓಯ್ತೀವಿ ಬುಡಿ," ಎಂದ ದಾಸಯ್ಯ.

"ಓಗು. ನಿಮ್ ಕೇರಿ ದಾರಿ ನನ್ ಗದ್ದೆ ಬದೀನ ಮ್ಯಾಲದೆ. ನಾಳೆಯಿಂದ ನಿನ್ ಕೇರಿಯೋರು ಅದೆಂಗೆ ಓಡಾಡ್ತಾರೆ, ನಾನೂ ನೋಡ್ತೀನಿ."

ದಾಸಯ್ಯ ಹೆಂಡತಿಯ ಮುಖ ನೋಡಿದ. ಅವಳು ಹೋಗುವುದು ಬೇಡವೆಂದು ತಲೆಯಾಡಿಸಿದಳು. ಅವನು ಕುಕ್ಕರಗಾಲಲ್ಲಿ ಕೂತು ತಂತಿ ಬಿಚ್ಚಿದ. ಕುಮಾರ್ ಆ ಎಕ್ಕಡಗಳನ್ನು ಕೋಲಿನ ತುದಿಯಿಂದ ಎತ್ತಿ ಚರಂಡಿಗೆ ಎಸೆದ. ಟೈರು ನಿಂತಿದ್ದ ಜಾಗದಲ್ಲಿ ಕಪ್ಪು ಗುರುತು ಉಳಿದಿತ್ತು. ಆಳೊಬ್ಬ ಪೈಪು ಎಳೆದು ತಂದು ಅದು ಹೋಗುವವರೆಗೆ ತೊಳೆದ. ಕಲ್ಲು ಒದ್ದೆಯಾಗಿ ಹೊಳೆಯಿತು.

"ಒಣಗ್ಲಿ ತಡಿ," ಎಂದಳು ಪುಟ್ಟತಾಯಮ್ಮ.

"ಒತ್ತು ಮುಳುಗೋಗಂಟ ಒಣಗುಸ್ತೀಯೇನೆ? ಏಣಿ ಅತ್ತಲೇ," ಎಂದ ಕುಮಾರ್.

ದಾಸಯ್ಯ ಹತ್ತಿದ. ಪುಟ್ಟತಾಯಮ್ಮ ಏಣಿಯ ಎರಡು ಕಾಲಿಗೂ ತನ್ನ ಎರಡು ಪಾದಗಳನ್ನು ಅಡ್ಡ ಕೊಟ್ಟು, ಮೈಯನ್ನು ಮುಂದಕ್ಕೆ ಬಾಗಿಸಿ, ಕಂಬಿಗಳನ್ನು ಗೋಡೆಯತ್ತ ಒತ್ತಿ ನಿಂತಳು. ತಲೆಯ ಮೇಲೆ ಗಂಡನ ಬರಿಯ ಅಂಗಾಲು ಒಂದೊಂದೇ ಮೆಟ್ಟಿಲು ದೂರವಾಯಿತು. ಅವನು ಗೋಪುರದ ತುದಿ ಮುಟ್ಟಿ ಸುತ್ತ ನೋಡಿದ.

"ತಾಯಮ್ಮ, ಕರಿಘಟ್ಟದ ಬೆಟ್ಟ ಕಾಣ್ತದೆ ಕಣೆ."

"ಕಂಡ್ರೆ ಕಾಣ್ಲಿ. ನೀನು ಕಾಲು ನೋಡ್ಕೊ."

ಅವನು ಬಲಗಡೆಯ ದ್ವಾರಪಾಲಕನ ಮುಖಕ್ಕೆ ಬ್ರಷ್ಷು ಚಾಚಿದ. ಭಾರ ಬಲಕ್ಕೆ ವಾಲಿತು. ಪುಟ್ಟತಾಯಮ್ಮನಿಗೆ ಮೊದಲು ತಿಳಿದದ್ದು ಕಾಲ್ಬೆರಳಿನಲ್ಲಿ: ಕಂಬಿ ಅವಳ ಹೆಬ್ಬೆರಳ ಉಗುರನ್ನು ಎತ್ತಿಕೊಂಡು ಹಿಂದೆ ಸರಿಯತೊಡಗಿತು. ಅವಳು ಒತ್ತಿದಷ್ಟೂ ಅವಳ ಹಿಮ್ಮಡಿಯೂ ಏಣಿಯೊಂದಿಗೆ ಒದ್ದೆಗಲ್ಲಿನ ಮೇಲೆ ಜಾರಿತು. ಕಿರ್ರನೆ ಒಂದು ಸದ್ದು. ಆಮೇಲೆ ಮೈಮೇಲೆ ಏಣಿ. ಪಕ್ಕದಲ್ಲಿ, ತೆಂಗಿನಕಾಯಿ ಒಡೆದಂತೆ, ಅವನ ತಲೆ.

ಅವಳು ಏಣಿಯ ಕೆಳಗಿನಿಂದ ತೆವಳಿ ಬಂದಾಗ ಅವನ ಕಣ್ಣು ತೆರೆದೇ ಇತ್ತು. ಕಿವಿಯಿಂದ ರಕ್ತ ಇಳಿದು ಕಲ್ಲಿನ ಮೇಲೆ ಎಲ್ಲಿಯೂ ಇಂಗದೆ ಹರಡುತ್ತಿತ್ತು.

"ಕಾರು ತನ್ರಪ್ಪೋ," ಎಂದು ಅವಳು ಬೇಡಿದಳು. "ಉಸ್ರಾಡ್ತಾ ಅವ್ನೆ."

ಹೊನ್ನಪ್ಪನ ಕಾರು ಗುಡಿಯ ಮುಂದೆಯೇ ನಿಂತಿತ್ತು. ಅವನು ಅತ್ತ ನೋಡಲಿಲ್ಲ. "ಮೊದ್ಲು ಕಲ್ಲಿಗೆ ನೀರ್ ಬುಡ್ರಲಾ. ಕಲೆ ಇಡೀತದೆ," ಎಂದ.

ಪೈಪಿನ ನೀರು ದಾಸಯ್ಯನ ತಲೆಯ ಕೆಳಗೆ ನುಗ್ಗಿ ರಕ್ತವನ್ನು ಚರಂಡಿಗೆ ತಳ್ಳಿತು. ಕುಮಾರ್ ಗಾಡಿಯ ಡಿಕ್ಕಿಯಿಂದ ಹೆಂಡದ ಪೊಟ್ಟಣವೊಂದನ್ನು ತಂದ. ಹಲ್ಲಿನಿಂದ ಮೂಲೆ ಕಚ್ಚಿ ಹರಿದು, ಬಾಗಿ, ಅರ್ಧವನ್ನು ದಾಸಯ್ಯನ ಅಂಗಿಗೆ, ಉಳಿದರ್ಧವನ್ನು ಸೀಳಿದ ತುಟಿಯೊಳಕ್ಕೆ ಸುರಿದ. ದಾಸಯ್ಯ ಕೆಮ್ಮಿದ. ಪುಟ್ಟತಾಯಮ್ಮ ಮೇಲೆ ಬಿದ್ದು ಕುಮಾರನ ಮುಂಗೈ ಕಚ್ಚಿದಳು. ಅವನು ಅವಳ ತುರುಬು ಹಿಡಿದು ಮುಖವನ್ನು ಕಲ್ಲಿಗೆ ಅಪ್ಪಳಿಸಿದ. ಆಳುಗಳು ನೋಡುತ್ತ ನಿಂತಿದ್ದರು. ಪೈಪು ಹಿಡಿದವನು ನೀರು ನಿಲ್ಲಿಸಿರಲಿಲ್ಲ.

ಹಾಲಿನ ವ್ಯಾನು ಬಂದು ಎತ್ತಿಕೊಂಡು ಹೋಗುವಾಗ ದಾರಿಯಲ್ಲೇ ದಾಸಯ್ಯನ ಉಸಿರು ನಿಂತಿತು. ಅವನ ಬಾಯಿ ಮೂಸಿದವರೆಲ್ಲ ಒಂದೇ ಮಾತು ಹೇಳಿದರು. ಕುಡಿದು ಹತ್ತಿದ, ಬಿದ್ದ. ಬಂದ ಪೊಲೀಸೂ ಅದನ್ನೇ ಹೇಳಿ ಹೋದ. ಚಹಾದಂಗಡಿಯಲ್ಲಿ ಕುಮಾರ್ ಇನ್ನೊಂದು ಮಾತು ಸೇರಿಸಿದ: "ಎಂಡ್ರೇ ಕೈ ಬುಟ್ಟವ್ಳೆ. ಇನ್ನೊಬ್ನ ಮಡೀಕ್ಕೊಂಡಿದ್ಲೇನೋ, ಯಾರ್ಗೊತ್ತು."

ದಾಸಯ್ಯ ಕುಡಿಯುವವನೇ ಅಲ್ಲವೆಂದು ಕೇರಿಯವರಿಗೆಲ್ಲ ಗೊತ್ತಿತ್ತು. ಗದ್ದೆಯ ಬದುವಿನ ಮೇಲೆ ನಡೆಯಬೇಕಾದವರು ಅದನ್ನು ತಮ್ಮತಮ್ಮಲ್ಲೇ ಇಟ್ಟುಕೊಂಡರು. ಮಣ್ಣು ಮಾಡಿ ಬಂದ ಸಂಜೆ ಪುಟ್ಟತಾಯಮ್ಮ ಚರಂಡಿಗೆ ಇಳಿದು, ಕೆಸರಿನಲ್ಲಿ ಕೈಯಾಡಿಸಿ ಎರಡೂ ಎಕ್ಕಡಗಳನ್ನು ಹುಡುಕಿ ತೆಗೆದಳು. ತೊಳೆದು ಒಣಗಿಸಿದಳು. ದಾಸಯ್ಯನ ಹೆಬ್ಬೆರಳು ಒತ್ತಿದ ಗುಳಿ ಹಾಗೆಯೇ ಇತ್ತು. ಗುಡಿಗೆ ಹೋಗಿ ಏಣಿ ಕೇಳಿದಳು. ಗೋಪುರದ ಕೆಲಸ ಇನ್ನೂ ಇದೆಯೆಂದು ಅಟ್ಟಿಬಿಟ್ಟರು.

ಕಳಸ ಏರಿಸುವ ಬೆಳಿಗ್ಗೆ ಬಂತು.

ತುದಿಯ ಕಳಸವನ್ನು ಕೈಯಾರೆ ಇಡುವ ಹಕ್ಕು ಹೊನ್ನಪ್ಪನ ಮನೆಗೆ. ಹೊನ್ನಪ್ಪ ಮಡಿಪಂಚೆ ಉಟ್ಟು, ಹಿತ್ತಾಳೆಯ ಕಳಸವನ್ನು ಕೆಂಪು ವಸ್ತ್ರದಲ್ಲಿ ಹೆಗಲಿಗೆ ಕಟ್ಟಿಕೊಂಡಿದ್ದ. ಕುಮಾರ್ ದೇವರ ಕಳೆಯ ಬಿಂದಿಗೆ ಹೊತ್ತು ನಿಂತಿದ್ದ. ಕಳಸ ಏರಿದ ಮೇಲೆ ಬಿಂದಿಗೆಯ ನೀರನ್ನು ಮೂರ್ತಿಗೆ ಎರೆಯಬೇಕು, ಅಲ್ಲಿಯವರೆಗೆ ದೇವರನ್ನು ನೆಲಕ್ಕೆ ಇಳಿಸುವಂತಿಲ್ಲ. ಅಂಗಳವನ್ನು ಆಗಷ್ಟೇ ತೊಳೆದಿದ್ದರು. ದಾಸಯ್ಯನ ಏಣಿ ಗೋಪುರಕ್ಕೆ ಒರಗಿತ್ತು. ಅದರ ಬುಡದಲ್ಲಿ ಯಾರೂ ಇರಲಿಲ್ಲ.

ಏಣಿ ಹಿಡಿಯುವುದು ಕೇರಿಯವರ ಕೆಲಸ. ಹತ್ತಿದವನ ಕಾಲು ಏಣಿ ಹಿಡಿದವನ ತಲೆಯ ಮೇಲೆ ಬರುತ್ತದೆ. ತಲೆಯ ಮೇಲೆ ಇನ್ನೊಬ್ಬನ ಕಾಲು ಬಂದ ಮನೆಗೆ ಏಳ್ಗೆಯಿಲ್ಲವೆಂದು ಊರು ನಂಬಿತ್ತು. ಕೇರಿಯ ಗಂಡಸರು ಮಾತ್ರ ಅಂದು ಬೆಳಗಾಗುವ ಮೊದಲೇ ಕಬ್ಬು ಕಡಿಯಲು ನಾಗಮಂಗಲದ ಕಡೆಗೆ ಹೊರಟುಹೋಗಿದ್ದರು. ಅಂಗಳದಲ್ಲಿ ನೆರೆದಿದ್ದ ಬಿಳಿ ಪಂಚೆಯ ಊರವರು ಒಬ್ಬರ ಮುಖ ಒಬ್ಬರು ನೋಡಿದರು.

"ನಾನು ಇಡ್ಕತೀನಿ," ಎಂದು ಅಂಗಳದ ಆಚೆಯಿಂದ ಪುಟ್ಟತಾಯಮ್ಮ ಹೇಳಿದಳು.

"ಗಂಡ ಸತ್ತೋಳು," ಎಂದು ಪೂಜಾರಿ ಗೊಣಗಿದ. "ಕಳಸದ ಒತ್ನಲ್ಲಿ ಎದುರ್ಗೆ ಬರಬಾರ್ದು. ಮುಹೂರ್ತ ಬ್ಯಾರೆ ಮೀರ್ತಾ ಅದೆ."

ಹೊನ್ನಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮುಖ ಕಾಣ್ದಂಗೆ ಸೆರಗು ಒದ್ಕೊ. ಗ್ವಾಡೆ ಕಡೀಕೆ ತಿರೀಕ್ಕೊ. ಕೆಮ್ಮಬ್ಯಾಡ, ಸೀನಬ್ಯಾಡ. ಸಂಜೀಕೆ ಅಟ್ಟಿ ತಾವು ಬಂದು ಅನ್ನ ಇಸ್ಕೊಂಡೋಗು."

ಅವಳು ಸೆರಗು ಹೊದ್ದು ಬಂದು ಏಣಿ ಹಿಡಿದಳು. ಹೆಬ್ಬೆರಳಿಗೆ ಉಗುರು ಇನ್ನೂ ಬಂದಿರಲಿಲ್ಲ; ಅದನ್ನೇ ಕಂಬಿಗೆ ಅಡ್ಡ ಕೊಟ್ಟಳು. ವಾದ್ಯದವರು ಊದತೊಡಗಿದರು. ಹೊನ್ನಪ್ಪನ ಅಂಗಾಲು ಅವಳ ತಲೆಯ ಮೇಲೆ ಹಾದು, ಒಂದೊಂದೇ ಮೆಟ್ಟಿಲು ಏರಿ, ತುದಿ ತಲುಪಿತು.

"ಗೌಡ್ರೆ, ಏಣಿ ಜಾರ್ತಾ ಅದೆ."

"ಬಿಗಿಯಾಗಿ ಇಡ್ಕೊಳೆ."

"ನನ್ ಗಂಡ ಮ್ಯಾಲಿದ್ದಾಗ್ಲೂ ಬಿಗಿಯಾಗೇ ಇಡ್ದಿದ್ದೆ. ಈ ಕಲ್ಲಿಗೆ ಕೈಕಾಲು ಸಾಲಕ್ಕಿಲ್ಲ ಅಂತ ಅವತ್ತೇ ಗೊತ್ತಾಯ್ತು."

ಅವಳು ಒಂದು ಪಾದವನ್ನು ತೆಗೆದಳು. ಏಣಿ ಕಿರ್ರೆಂದು ಒಂದು ಬೆರಳಗಲ ಹಿಂದೆ ಸರಿಯಿತು. ಹೊನ್ನಪ್ಪ ಕೈಗೆ ಸಿಕ್ಕ ದ್ವಾರಪಾಲಕನ ತೋಳನ್ನು ತಬ್ಬಿಕೊಂಡ. ಹೆಗಲಿನ ವಸ್ತ್ರ ಕಳಚಿ ಕಳಸ ಕೆಳಗೆ ಬಿತ್ತು. ಕಲ್ಲಿಗೆ ಬಡಿದು, ನೆಗ್ಗಿ, ಉರುಳಿ, ಪೂಜಾರಿಯ ಕಾಲ ಬಳಿ ನಿಂತಿತು. ವಾದ್ಯ ನಿಂತುಹೋಯಿತು.

ಪುಟ್ಟತಾಯಮ್ಮ ಮುಖದ ಸೆರಗು ಸರಿಸಿದಳು. ಮಡಿಲಿಗೆ ಕೈ ಹಾಕಿ ಎರಡು ಎಕ್ಕಡಗಳನ್ನು ತೆಗೆದು ಏಣಿಯ ಕಾಲುಗಳ ಪಕ್ಕದಲ್ಲಿ ಇಟ್ಟಳು.

"ಅಯ್ಯೋ ಲೌಡಿ," ಎಂದು ಕುಮಾರ್ ಬಿಂದಿಗೆಯೊಂದಿಗೇ ಮುಂದೆ ನುಗ್ಗಿದ.

"ಅತ್ರ ಬಂದ್ರೆ ಬುಟ್ಬುಡ್ತೀನಿ ಕುಮಾರಪ್ಪ." ಏಣಿ ಇನ್ನೊಂದು ಬೆರಳು ಸರಿಯಿತು.

"ಲೇ ಕುಮಾರ, ನಿಂತ್ಕಳಲೇ," ಎಂದು ಮೇಲಿನಿಂದ ಹೊನ್ನಪ್ಪ ಕಿರುಚಿದ. "ಯಾರೂ ಅತ್ರ ಬರ್ಬ್ಯಾಡ್ರಲಾ." ಅವನು ದ್ವಾರಪಾಲಕನ ತೋಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ. "ತಾಯಮ್ಮ, ನಿನ್ ಗಂಡ ಕುಡ್ದಿರ್ನಿಲ್ಲ ಕಣವ್ವ. ಎಲ್ರೂ ಕೇಳ್ರಪ್ಪ, ಅವ್ನು ಕುಡ್ದಿರ್ನಿಲ್ಲ. ನಮ್ ಕುಮಾರನೇ ಸುರ್ದಿದ್ದು."

"ಅದು ನಂಗೊತ್ತು. ನಾನು ಅದ ಕೇಳ್ನಿಲ್ಲ. ಏಣಿಗೆ ಎಕ್ಕಡ ಆಕನಾ, ಬ್ಯಾಡ್ವಾ?"

ಹೊನ್ನಪ್ಪ ಕೆಳಗೆ ನೆರೆದವರನ್ನು ನೋಡಿದ. ಅವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

"ಆಕು."

"ಕೇಳುಸ್ನಿಲ್ಲ."

"ಆಕವ್ವ. ಎಕ್ಕಡ ಆಕು."

"ಅಂಗಾರೆ ಗೋಪುರ ತಬ್ಕೊಂಡು ಮೈ ಭಾರ ಎತ್ತಿ."

ಅವನು ಎತ್ತಿದ. ಅವಳು ಎಡಗಂಬಿಯನ್ನು ಹೆಗಲಿನಿಂದ ಒಂದಿಷ್ಟು ಮೇಲೆತ್ತಿ, ಕಾಲಿನಿಂದ ಎಕ್ಕಡವನ್ನು ಅದರಡಿಗೆ ತಳ್ಳಿದಳು. ಆಮೇಲೆ ಬಲಗಂಬಿಯನ್ನು. ಎರಡೂ ಕಾಲು ಸಮನಾಗಿ ಕೂತದ್ದನ್ನು ಬಗ್ಗಿ ನೋಡಿದಳು. ಒಮ್ಮೆ ಅಲುಗಿಸಿ ನೋಡಿದಳು. ಎರಡೂ ಕೈ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.

"ಇಳೀರಿ. ಇನ್ನು ಬೀಳಕ್ಕಿಲ್ಲ."

ಹೊನ್ನಪ್ಪ ಇಳಿಯಲಿಲ್ಲ. ಇಳಿಯಬೇಕಾದರೆ ಆ ಎಕ್ಕಡಗಳ ಪಕ್ಕದಲ್ಲೇ ಕಾಲೂರಬೇಕಿತ್ತು, ಊರೆಲ್ಲ ನೋಡುತ್ತಿತ್ತು. ಅವಳು ಏಣಿ ಬಿಟ್ಟದ್ದು ಕುಮಾರನಿಗೆ ಆಗ ಅರ್ಥವಾಯಿತು. ಅವನು ಬಿಂದಿಗೆಯನ್ನು ಕಲ್ಲಿನ ಮೇಲೆ ಎತ್ತಿಹಾಕಿದ. ಪೂಜಾರಿ ಕೈ ಚಾಚಿದ್ದು ತಡವಾಗಿತ್ತು, ಬಿಂದಿಗೆ ಮಗುಚಿಕೊಂಡಿತು. ಚಪ್ಪರದ ಗಳವೊಂದನ್ನು ಕಿತ್ತುಕೊಂಡು ಕುಮಾರ್ ಬಂದ, ಅವನ ಹಿಂದೆ ಬಿಳಿ ಪಂಚೆಗಳೂ ಬಂದವು.

ಮೊದಲ ಏಟು ಅವಳ ಹೆಗಲಿಗೆ ಬಿತ್ತು, ಎರಡನೆಯದು ಕಿವಿಗೆ. ಪುಟ್ಟತಾಯಮ್ಮ ಕಲ್ಲಿನ ಮೇಲೆ ಕೆನ್ನೆಯೂರಿ ಬಿದ್ದಳು. ಅಲ್ಲಿಂದ ಅವಳಿಗೆ ಕಾಲುಗಳ ಗುಂಪಿನ ನಡುವೆ ಬಿಂದಿಗೆಯ ನೀರು ಬರುವುದು ಕಾಣಿಸಿತು. ಅದು ನಯವಾದ ಕಲ್ಲಿನ ಮೇಲೆ ತಡೆಯಿಲ್ಲದೆ ಹರಿದು ಬಂದು, ಏಣಿಯ ಬುಡ ಮುಟ್ಟಿ, ಎರಡು ಎಕ್ಕಡಗಳ ಸುತ್ತ ಕವಲೊಡೆದು, ಟೈರಿನ ಗೀರುಗಳೊಳಗೆ ಇಳಿಯಿತು. ಯಾರೋ ಓಡುತ್ತ ಬಂದು ಏಣಿಗೆ ಡಿಕ್ಕಿ ಹೊಡೆದರು. ಮೇಲೆ ಹೊನ್ನಪ್ಪ ಕಿರುಚಿದ.

ಏಣಿ ಜಾರಲಿಲ್ಲ.