ಸೀಸದ ಗುಂಡಿನ ಸ್ವರ

"ಅದನ್ನ ಮುಟ್ಟಿದ್ರೆ ಜೋಕೆ!"

ರೋಸ್ವಿತಾ ಮುಂದಿನ ಸಾಲಿನಿಂದ ಎದ್ದೇಬಿಟ್ಟಳು. ಎಸೆನ್ ಊರಿನ ಸ್ಮಶಾನದ ಪ್ರಾರ್ಥನಾಮಂದಿರದಲ್ಲಿ ಅವಳ ಗಂಡ ಲೋಟಾರ್ ಶವಪೆಟ್ಟಿಗೆಯೊಳಗೆ ಮಲಗಿದ್ದ. ಕೀ ಒತ್ತಿಹಿಡಿಯಲು ಅವನು ಬಳಸುತ್ತಿದ್ದ ಸೀಸದ ಗುಂಡನ್ನು ಆರ್ಗನ್ನಿನ ಒಂದು ಕೀ ಮೇಲೆ ಅವಳೇ ಇಟ್ಟಿದ್ದಳು. ಆ ಒಂದೇ ಸ್ವರ ಎಡೆಬಿಡದೆ ಮೊಳಗುತ್ತಿತ್ತು. ಈಗ ಅದರ ಪಕ್ಕಕ್ಕೆ ಬಂದು ನಿಂತವನು ಡೆಟ್ಲೆಫ್, ಅವರ ಹಳೇ ಸಂಗೀತ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವನು. ಕರೆಯದೇ ಬಂದಿದ್ದ.

"ನಾನೇನೂ ಮಾಡಲ್ಲ, ರೋಸಿ."

"ಆವತ್ತೂ ಹೀಗೇ ಅಂದಿದ್ದೆ."

*

ಎಲ್ಲರೂ ಒಂದೇ ಹಳೇ ಮನೆಯಲ್ಲಿ, ಒಂದೇ ಪಾತ್ರೆಯ ಬೇಳೆಸಾರು ಉಂಡು ಸಂಗೀತ ಕಟ್ಟಿದ ಕಾಲ ಅದು. ಡ್ರಮ್ಮಿಗೆ ರೋಸ್ವಿತಾ, ಆರ್ಗನ್ನಿಗೆ ಲೋಟಾರ್. ಲೋಟಾರ್ ಗುಂಡಿಟ್ಟು ಸ್ವರ ಹಿಡಿದನೆಂದರೆ ಅವನೇ ಎತ್ತುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ, ತಂಡದ ಕಟ್ಟಳೆ. ಹ್ಯಾಂಬರ್ಗಿನಲ್ಲಿ ರೆಕಾರ್ಡ್ ಕಂಪನಿಯವರ ಮುಂದೆ ನುಡಿಸುವಾಗ, ಅವರು ಬೇಸತ್ತು ಗಡಿಯಾರ ನೋಡತೊಡಗಿದರು; ಏನೂ ಮಾಡಲ್ಲ ಎನ್ನುತ್ತಲೇ ಡೆಟ್ಲೆಫ್ ಗುಂಡನ್ನು ಎತ್ತಿಬಿಟ್ಟ. ಕಂಪನಿಯವರು ಚಪ್ಪಾಳೆ ತಟ್ಟಿದರು. ಲೋಟಾರ್ ಆರ್ಗನ್ ಮುಚ್ಚಿ ಎದ್ದುಹೋದ. ತಂಡ ಅಲ್ಲಿಗೇ ಮುಗಿಯಿತು. ಆಮೇಲೆ ಅವನು ಊರವರ ಪಿಯಾನೋಗಳಿಗೆ ಶ್ರುತಿ ಮಾಡಿಕೊಂಡೇ ಬದುಕಿದ. ಸಾಯುವ ಮುನ್ನ ಹೆಂಡತಿಯಲ್ಲಿ ಕೇಳಿದ್ದು ಒಂದೇ: "ನಾನು ಮಣ್ಣಿಗಿಳಿಯೋವರೆಗೂ ಆ ಸ್ವರ ನಿಲ್ಲಬಾರದು, ರೋಸಿ."

*

ಸ್ಮಶಾನದ ಅಧಿಕಾರಿ ಹತ್ತಿರ ಬಂದು ಪಿಸುಗುಟ್ಟಿದ. "ಮೇಡಂ, ನಿಮ್ಮ ಅರ್ಧ ಗಂಟೆ ಮುಗೀತು. ಮುಂದಿನವರು ಬಾಗಿಲಲ್ಲೇ ನಿಂತಿದಾರೆ. ವಾದ್ಯದ ಮೇಲೆ ಭಾರ ಇಟ್ಟು ಹೋಗೋ ಹಾಗಿಲ್ಲ, ನಿಯಮ."

ಹೊರುವವರು ಆಗಲೇ ಪೆಟ್ಟಿಗೆ ಎತ್ತಿದ್ದರು. ರೋಸ್ವಿತಾಗೆ ಕೈಕಾಲೇ ಆಡಲಿಲ್ಲ. ಇಲ್ಲಿ ಕಾವಲು ನಿಂತರೆ ಗಂಡನಿಗೆ ಹಿಡಿ ಮಣ್ಣು ಹಾಕಲಾಗದು. ಹೋದರೆ ಸ್ವರ ನಿಲ್ಲುತ್ತದೆ.

ಅಧಿಕಾರಿ ಗುಂಡಿಗೆ ಕೈಹಾಕುವಷ್ಟರಲ್ಲಿ ಡೆಟ್ಲೆಫ್ ಆ ಕೀ ಮೇಲೆ ಬೆರಳೂರಿ, ಗುಂಡನ್ನೆತ್ತಿ ಅವನ ಕೈಗಿಟ್ಟ. "ತಗೊಳ್ಳಿ ಸ್ವಾಮಿ, ನಿಮ್ಮ ಭಾರ. ಬೆರಳಿಗೂ ನಿಯಮ ಇದೆಯಾ?" ಆಮೇಲೆ ಅವಳತ್ತ ತಿರುಗಿ, "ನಡಿಯೇ, ಅವನು ಹೋಗ್ತಿದಾನೆ."

"ನಿನ್ನ ನಂಬಿ ಹೋಗಲಾ?"

"ನಂಬಬೇಡ. ಕೇಳಿಸ್ಕೊಂಡು ಹೋಗು."

ಅವಳು ಕಿವಿಯನ್ನು ಹಿಂದೆಯೇ ಬಿಟ್ಟು ನಡೆದಳು. ಪೆಟ್ಟಿಗೆ ಹಗ್ಗದಲ್ಲಿ ಇಳಿಯಿತು. ಸ್ವರ ಕೇಳುತ್ತಲೇ ಇತ್ತು. ಮಣ್ಣು ಹಾಕಿ ಅತ್ತಳು. ಈ ಹಾಳು ಬೆರಳು ಇಷ್ಟು ವರ್ಷ ಎಲ್ಲಿತ್ತು ಎಂದು ಸಿಟ್ಟೂ ಬಂತು.

ಹಿಂತಿರುಗಿದಾಗ ಮಂದಿರದಲ್ಲಿ ಬೇರೊಬ್ಬರ ಪೆಟ್ಟಿಗೆ. ಅವರ ಕಡೆಯವರು ಆ ಸ್ವರ ತಮ್ಮವರಿಗೇ ಎಂದುಕೊಂಡು ತಲೆತಗ್ಗಿಸಿ ನಿಂತಿದ್ದರು. ಅಧಿಕಾರಿ ಗುಂಡು ಹಿಡಿದೇ ಬಾಗಿಲ ಬಳಿ ನಿಂತಿದ್ದ. ಡೆಟ್ಲೆಫ್‌ನ ಬೆರಳು ಕೀ ಮೇಲೆಯೇ ಇತ್ತು; ಸೋತ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ.

"ಇಳಿದ," ಎಂದಳು ರೋಸ್ವಿತಾ.

ಅವನು ಆ ಬೇರೆಯವರ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದ. "ಇವರಿನ್ನೂ ಇಳಿದಿಲ್ಲ." ಬೆರಳು ತೆಗೆಯಲಿಲ್ಲ.

ಅವಳು ಪಕ್ಕದಲ್ಲಿ ಕೂತು, ಮಣ್ಣು ಮೆತ್ತಿದ ತನ್ನ ಬೆರಳನ್ನು ಅದೇ ಕೀ ಮೇಲೆ ಒತ್ತಿದಳು. ಆಗ ಅವನು ತನ್ನದನ್ನು ಮೆಲ್ಲಗೆ ಎತ್ತಿಕೊಂಡ.